ಎಚ್ಚರ, ಅರಿವು, ಉಪಯೋಗ





ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ಕೇವಲಜ್ಞಾನ ಕಲ್ಯಾಣದ ಸಂದರ್ಭದಲ್ಲಿ ಬಿಂಬಕ್ಕೆ ನೇತ್ರೋನ್ಮೀಲನ ನಡೆಯುತ್ತದೆ. ಆ ವಿಧಿಯನ್ನು ನೋಡಲು ಕುಳಿತ ಮಕ್ಕಳು, ಇನ್ನು ಮೇಲೆ ಸ್ವಾಮಿಗೆ ಎಲ್ಲವೂ ಕಾಣುತ್ತದೆಯೆ ಎಂದು ಹಿರಿಯರನ್ನು ಕೇಳುವುದುಂಟು. ಹಿರಿಯರು ಹೌದೆಂದು ತಲೆಯಾಡಿಸಿ ಸುಮ್ಮನಾಗುವುದೂ ಉಂಟು. ಆದರೆ ಆ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದಲ್ಲ. ಜಿನೇಶ್ವರನು ಲೋಕಾಗ್ರದಲ್ಲಿ ಸಿದ್ಧಪದವಿಯಲ್ಲಿರುವವನು. ಶಿಲೆಯೊಳಕ್ಕೆ ಇಳಿದು ಬರುವವನೂ ಅಲ್ಲ, ಪೂಜೆಗೆ ಮೆಚ್ಚಿ ವರ ಕೊಡುವವನೂ ಅಲ್ಲ. ವಿಧಿ ಮುಗಿದ ಮೇಲೆಯೂ ಶಿಲೆಯು ಶಿಲೆಯೇ. ಅದರ ಮುಂದೆ ಕೈಮುಗಿದು ನಿಂತ ಜೀವದಲ್ಲಿ ಏನಾದರೂ ಬದಲಾದರೆ ಆಗ ಪ್ರತಿಷ್ಠೆಯ ಫಲವುಂಟಾಯಿತೆಂದು ತಿಳಿಯಬೇಕು. ನಿಂತವನು ಚೇತನ, ಎದುರಿಗಿರುವುದು ಅಚೇತನ. ಈ ಎರಡು ಮಾತುಗಳನ್ನು ಜೈನರ ಮನೆಗಳಲ್ಲಿ ಪಾಠಶಾಲೆಯ ಹುಡುಗರೂ ಬಲ್ಲರು. ಆದರೆ ಚೇತನವೆಂದರೆ ಏನು? ಎಚ್ಚರವೆ? ಅರಿವೆ? ಪ್ರಜ್ಞೆಯೆ? ನೆನಪೆ? ಮನೆಯೊಳಗೆ, ಪೇಟೆಯಲ್ಲಿ, ಆಸ್ಪತ್ರೆಯಲ್ಲಿ ಈ ಮಾತುಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತ ಹೋಗುವುದರಿಂದ ಕೆಲವೊಮ್ಮೆ ಏನೂ ಕೆಡುವುದಿಲ್ಲ, ಕೆಲವೊಮ್ಮೆ ಬಹಳವೇ ಕೆಡುತ್ತದೆ. ಕೆಡುವ ಸಂದರ್ಭಗಳನ್ನು ಮುಖ್ಯವಾಗಿಟ್ಟುಕೊಂಡು ಇಲ್ಲಿ ವಿಚಾರ ಮಾಡಲಾಗಿದೆ.

ಇಂಗ್ಲಿಷಿನಲ್ಲಿ ಕಾನ್ಷಸ್‌ನೆಸ್ ಎಂಬ ಒಂದೇ ಮಾತಿದೆ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಾರ್ಥ 'ಕೂಡಿ ತಿಳಿಯುವುದು' ಎಂದು. ಮನಸ್ಸಾಕ್ಷಿ ಎಂಬರ್ಥದ ಕಾನ್ಷೆನ್ಸ್ ಎಂಬ ಮಾತೂ ಅದೇ ಬೇರಿನಿಂದ ಹುಟ್ಟಿದುದು. ಫ್ರೆಂಚರು ಇಂದಿಗೂ ಎರಡಕ್ಕೂ ಒಂದೇ ಶಬ್ದವನ್ನು ಬಳಸುತ್ತಾರೆ. ನಿದ್ದೆಯಿಂದ ಏಳುವುದಕ್ಕೂ ಅದೇ ಮಾತು, ಮೂರ್ಛೆ ತಿಳಿಯುವುದಕ್ಕೂ ಅದೇ, ಕಾರ್ಮಿಕರಿಗೆ ತಮ್ಮ ಹಕ್ಕುಗಳ ತಿಳುವಳಿಕೆಯುಂಟಾಗುವುದಕ್ಕೂ ಅದೇ. ಹೀಗೆ ಒಂದೇ ಚೀಲದಲ್ಲಿ ಹಲವು ಧಾನ್ಯಗಳನ್ನು ಸುರಿದಿರುವುದರಿಂದ ಅಲ್ಲಿಯ ಪಂಡಿತರು ಅದನ್ನು ಮತ್ತೆ ಹಸನು ಮಾಡುವ ಕೆಲಸದಲ್ಲಿಯೇ ಬಹಳ ಕಾಲ ಕಳೆದಿದ್ದಾರೆ. ಮಿದುಳಿನ ವಿಜ್ಞಾನಿ ಕ್ರಿಸ್ಟಾಫ್ ಕಾಕ್ ಮತ್ತು ತತ್ತ್ವಜ್ಞ ಡೇವಿಡ್ ಚಾಮರ್ಸ್ ಎಂಬವರು 1998ರಲ್ಲಿ ಒಂದು ಪಂದ್ಯ ಕಟ್ಟಿದರು. ಮಿದುಳಿನಲ್ಲಿ ಅರಿವು ಹೇಗೆ ಹುಟ್ಟುತ್ತದೆಂಬುದು 25 ವರ್ಷಗಳೊಳಗೆ ಸ್ಪಷ್ಟವಾಗುವುದೆಂದು ಕಾಕ್ ಹೇಳಿದ್ದರು. 2023ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಅವರು ಸೋಲನ್ನೊಪ್ಪಿಕೊಂಡು ಪಂದ್ಯದ ವಸ್ತುವನ್ನು ಒಪ್ಪಿಸಿದರು. ಆ ವಸ್ತು ಏನೆಂಬುದನ್ನು ಬಸದಿಯ ಸಂಚಿಕೆಯಲ್ಲಿ ಬರೆಯುವುದು ಉಚಿತವಲ್ಲ.

ಕನ್ನಡದ ಸ್ಥಿತಿ ಬೇರೆ. ಇಲ್ಲಿ ಮಾತುಗಳ ಕೊರತೆಯಿಲ್ಲ. ಇರುವ ಮಾತುಗಳ ಬೆಲೆ ತಿಳಿಯದಿರುವುದೇ ತೊಂದರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಆಡುಮಾತನ್ನು ಕಿವಿಗೊಟ್ಟು ಕೇಳಿದರೆ ಇದು ತಿಳಿಯುತ್ತದೆ. ಬೆಳಗಿನಲ್ಲಿ ಆಗುವುದು ಎಚ್ಚರ. ರಸ್ತೆ ದಾಟುವಾಗ ಇರಬೇಕಾದುದೂ ಎಚ್ಚರ. ಬಿಸಿಲಿಗೆ ತಲೆ ತಿರುಗಿ ಬಿದ್ದವನಿಗೆ ತಪ್ಪುವುದೂ ಎಚ್ಚರವೇ. ಆದರೆ ಅದೇ ಬಿದ್ದವನನ್ನು ನೋಡಿ ಹಳ್ಳಿಯ ಹೆಂಗಸು ಗ್ಯಾನ ತಪ್ಪಿತು ಎನ್ನುತ್ತಾಳೆ. ಜ್ಞಾನವೆಂಬ ಮಹಾಶಬ್ದವು ಇಲ್ಲಿ ಉಸಿರಿನಷ್ಟು ಸಮೀಪದ ವಸ್ತುವಾಗಿದೆ. ಇನ್ನೊಬ್ಬರು ಖಬರಿಲ್ಲ ಎನ್ನುತ್ತಾರೆ. ಖಬರು ಎಂದರೆ ಅರಬ್ಬಿಯಲ್ಲಿ ಸುದ್ದಿ. ಒಳಗಿನಿಂದ ಸುದ್ದಿ ಬರುತ್ತಿಲ್ಲವೆಂಬ ಅರ್ಥ ಎಷ್ಟು ಸೊಗಸಾಗಿದೆ! ಇದೇ ಖಬರು ಇಲ್ಲದೆ ನಡೆದಾಡುವವನನ್ನು ಖಬರಗೇಡಿ ಎಂದು ಬಯ್ಯುತ್ತಾರೆ. ಅವನು ಎಚ್ಚರವಾಗಿಯೇ ಇದ್ದಾನೆ, ಆದರೂ ಖಬರಿಲ್ಲ. ಮರೆತುಬಿಟ್ಟ ಕೆಲಸಕ್ಕೆ ಧ್ಯಾಸವಿರಲಿಲ್ಲ ಎನ್ನುವುದು ವಾಡಿಕೆ. ಕಣ್ಣೆದುರಿಗಿದ್ದರೂ ನೋಡದೆ ಹೋದುದಕ್ಕೆ ಲಕ್ಷ್ಯವಿರಲಿಲ್ಲ ಎನ್ನುತ್ತಾರೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಈ ಎರಡರ ಭೇದವನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಸುಗ್ಗಿಯ ದಿನಗಳಲ್ಲಿ ಸಾವಿರಾರು ಚೀಲಗಳ ನಡುವೆ ಓಡಾಡುವ ಗುಮಾಸ್ತನು ಅಂಕಿಯೊಂದನ್ನು ಹೆಚ್ಚಿಗೆ ಬರೆದುಬಿಟ್ಟರೆ ಅವನಿಗೆ ಎಚ್ಚರ ತಪ್ಪಿತ್ತೆಂದು ಧಣಿ ಹೇಳುವುದಿಲ್ಲ, ಲಕ್ಷ್ಯ ತಪ್ಪಿತ್ತೆನ್ನುತ್ತಾನೆ. ಈ ನಾಡಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಅದರ ಗಾಢವಾದ ಕೆಂಪಿಗೂ ಮಿತವಾದ ಖಾರಕ್ಕೂ. ಆ ಕೆಂಪಿನ ತರತಮವನ್ನು ನುರಿತ ವ್ಯಾಪಾರಿ ಕಣ್ಣೋಟದಲ್ಲಿಯೇ ಗುರುತಿಸಿ ಬೆಲೆ ಕಟ್ಟುತ್ತಾನೆ. ಹೇಗೆ ಗುರುತಿಸಿದೆಯೆಂದು ಕೇಳಿದರೆ ಹೇಳಲಾರ. ಹಾವೇರಿಯ ಏಲಕ್ಕಿ ಹಾರ ಕಟ್ಟುವವರ ಬೆರಳುಗಳೂ ಹಾಗೆಯೇ, ಮಾತಿನ ನಡುವೆಯೂ ತಮ್ಮ ಕೆಲಸ ಬಿಡುವುದಿಲ್ಲ. ತಿಳುವಳಿಕೆ ಇದೆ, ತಿಳಿದಿದೆ ಎಂಬ ತಿಳುವಳಿಕೆ ಇಲ್ಲ. ಮನಶ್ಶಾಸ್ತ್ರದವರು ದೊಡ್ಡ ದೊಡ್ಡ ಹೆಸರಿಟ್ಟು ಕರೆಯುವ ಈ ಸಂಗತಿಗೆ ಪೇಟೆಯಲ್ಲಿ ಕೈರೂಢಿ ಎಂದು ಹೆಸರು.

ಇನ್ನು ಪ್ರಜ್ಞೆ. ಪತ್ರಿಕೆಗಳೂ ಪಾಠಪುಸ್ತಕಗಳೂ ಕಾನ್ಷಸ್‌ನೆಸ್ ಎಂಬುದಕ್ಕೆ ಈ ಮಾತನ್ನೇ ಗೊತ್ತುಮಾಡಿವೆ. ಸಂಸ್ಕೃತದಲ್ಲಿ ಪ್ರಜ್ಞೆಯೆಂದರೆ ವಿವೇಕ, ಮೇಧೆ, ಪ್ರಾಜ್ಞನೆಂದರೆ ಬಲ್ಲವನು. ಆ ಅರ್ಥದಲ್ಲಿ ನೋಡಿದರೆ ಪ್ರಜ್ಞೆ ತಪ್ಪಿದವನು ಮೂರ್ಖನಾಗಬೇಕಾಗಿತ್ತು. ಈಗ ಅದು ಎಲ್ಲ ಕಡೆಗೂ ಸಲ್ಲುವ ನಾಣ್ಯವಾಗಿದೆ: ಸಮಯಪ್ರಜ್ಞೆ, ಸಾಮಾಜಿಕ ಪ್ರಜ್ಞೆ, ಪಾಪಪ್ರಜ್ಞೆ, ಸುಪ್ತಪ್ರಜ್ಞೆ, ಪ್ರಜ್ಞಾವಂತ ಮತದಾರ. ಸಮಯಪ್ರಜ್ಞೆಯೆಂದರೆ ಗಡಿಯಾರ ನೋಡುವುದಲ್ಲ, ಸಂಕಟದಲ್ಲಿ ತಕ್ಷಣ ತೋಚುವ ಬುದ್ಧಿ. ಸಾಮಾಜಿಕ ಪ್ರಜ್ಞೆಯಿಲ್ಲದವನಿಗೆ ವೈದ್ಯರು ಬೇಕಾಗಿಲ್ಲ. ಒಂದು ನಾಣ್ಯ ಎಲ್ಲಿಯೂ ಸಲ್ಲುತ್ತದೆಯೆಂದರೆ ಅನುಕೂಲವೇ. ಆದರೆ ಅದರ ಬೆಲೆ ಊರಿನಿಂದೂರಿಗೆ ಬೇರೆಯಾದರೆ ಲೆಕ್ಕ ತಪ್ಪುತ್ತದೆ.

ಅರಿವು ಅಚ್ಚಗನ್ನಡದ ಮಾತು. ಶರಣರು ಅದಕ್ಕೆ ಎತ್ತರದ ಪೀಠವನ್ನು ಕೊಟ್ಟರು. ಆಧುನಿಕ ವೈದ್ಯಶಾಸ್ತ್ರವು ಅದನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ಕರೆತಂದಿತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಆವಿಯನ್ನು ರೋಗಿಗೆ ಉಸಿರಾಡಿಸಿ ನೋವಿಲ್ಲದ ಶಸ್ತ್ರಕ್ರಿಯೆಯನ್ನು ಜನರೆದುರು ಸಾಧ್ಯಮಾಡಿಕೊಟ್ಟನು. ಆ ವಿದ್ಯೆಗೆ ಕನ್ನಡಿಗರು ಅರಿವಳಿಕೆ ಎಂದು ಹೆಸರಿಟ್ಟರು. ಒಳ್ಳೆಯ ಹೆಸರೇ, ಆದರೆ ಹಲ್ಲು ಕೀಳುವಾಗ ದವಡೆಗಷ್ಟೆ ಕೊಡುವ ಚುಚ್ಚುಮದ್ದನ್ನೂ ಸ್ಥಳೀಯ ಅರಿವಳಿಕೆ ಎನ್ನುತ್ತಾರೆ. ಅಲ್ಲಿ ಅಳಿಯುವುದು ದವಡೆಯ ಸಂವೇದನೆ ಮಾತ್ರ. ಕುರ್ಚಿಯಲ್ಲಿ ಕುಳಿತವನು ತನ್ನ ಹಲ್ಲು ಹೋಗುತ್ತಿರುವುದನ್ನು ಚೆನ್ನಾಗಿ ಅರಿತೇ ಇರುತ್ತಾನೆ.

ಜೈನ ಶಾಸ್ತ್ರಗಳಲ್ಲಿ ಈ ಕುಲದ ಮಾತುಗಳಿಗೆ ನಿಶ್ಚಿತವಾದ ಅರ್ಥಗಳಿವೆ. ತೊಡಕೆಂದರೆ ಅವೇ ಮಾತುಗಳು ಪೇಟೆಗೆ ಬಂದು ಬೇರೆ ಅರ್ಥವನ್ನು ತೊಟ್ಟುಕೊಂಡಿವೆ. ಸಂಜ್ಞೆಯೆಂದರೆ ಇಂದು ಸನ್ನೆ, ಗುರುತು. ಶಾಸ್ತ್ರದಲ್ಲಿ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಹಜ ಸೆಳೆತಗಳು ಸಂಜ್ಞೆಗಳು. ಮನಸ್ಸುಳ್ಳ ಜೀವ ಸಂಜ್ಞಿ, ಮನಸ್ಸಿಲ್ಲದ ಜೀವ ಅಸಂಜ್ಞಿ. ಮನಸ್ಸಿಲ್ಲದಿದ್ದರೂ ಅದು ಜೀವವೇ ಎಂಬುದನ್ನು ಇಲ್ಲಿ ಗಮನಿಸಬೇಕು. ನಿದ್ರೆಯ ವಿಷಯದಲ್ಲಿ ಆಚಾರ್ಯರು ತೋರಿದ ಸೂಕ್ಷ್ಮತೆಯಂತೂ ಆಶ್ಚರ್ಯಕರ. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಐದು ಭೇದಗಳು ನಿದ್ರೆಯವೇ. ಸುಲಭವಾಗಿ ಎಚ್ಚರಿಸಬಹುದಾದುದು ನಿದ್ರೆ, ಎಬ್ಬಿಸಿದರೂ ಕಣ್ಣು ತೆರೆಯಲಾರದುದು ನಿದ್ರಾನಿದ್ರೆ, ಕುಳಿತಲ್ಲಿಯೇ ತೂಗುವುದು ಪ್ರಚಲಾ, ಅದರ ತೀವ್ರರೂಪ ಪ್ರಚಲಾಪ್ರಚಲಾ, ಎದ್ದು ಹೋಗಿ ಕೆಲಸ ಮಾಡಿ ಬಂದರೂ ತಿಳಿಯದುದು ಸ್ತ್ಯಾನಗೃದ್ಧಿ. ಮೂರನೆಯ ಭೇದವನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನದ ಪ್ರವಚನ ಕೇಳಿದವರೆಲ್ಲರೂ ಅದನ್ನು ಬಲ್ಲರು.

ಪ್ರಮಾದವು ಈಗ ಅಚ್ಚಿನ ತಪ್ಪಿಗೆ ಹೆಸರಾಗಿದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣದೊಳಗೇ ಪ್ರಮಾದ ಸೇರಿದೆ. ಪ್ರಾಣಹರಣವಾಯಿತೆ ಎಂಬುದಷ್ಟೇ ಅಲ್ಲಿಯ ಪ್ರಶ್ನೆಯಲ್ಲ, ಮನ-ವಚನ-ಕಾಯಗಳು ಎಚ್ಚರಗೇಡಿನಿಂದ ಪ್ರವರ್ತಿಸಿದುವೆ ಎಂಬುದೂ ಪ್ರಶ್ನೆ. ದೀಪ ಹಚ್ಚಿ ನೋಡದೆ ನಡೆದವನ ಕಾಲಿಗೆ ಇರುವೆ ಸಿಕ್ಕದಿದ್ದರೂ ಅವನು ನಿರ್ದೋಷಿಯಲ್ಲ. ಹಾಗೆಯೇ ಮೂರ್ಛೆ. ಜನರ ಬಾಯಲ್ಲಿ ಮೂರ್ಛೆಯೆಂದರೆ ಬಿದ್ದು ಎಚ್ಚರ ತಪ್ಪುವುದು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನೇ ಮೂರ್ಛೆಯೆಂದು ಕರೆದಿದೆ. ವಸ್ತುವು ತನ್ನದೆಂದು ಅಪ್ಪಿಕೊಂಡು ಅದರಾಚೆಗೆ ಏನೂ ಕಾಣದಾಗುವ ಸ್ಥಿತಿ ಅದು. ವ್ಯಾಪಾರಸ್ಥರಿಗೆ ಈ ಮಾತು ಸ್ವಲ್ಪ ಬಿಸಿಯಾಗಿಯೇ ತಾಗುತ್ತದೆ. ತಿಜೋರಿಯ ಬೀಗದ ಕೈಯನ್ನು ತಲೆದಿಂಬಿನ ಕೆಳಗಿಟ್ಟು ನಿದ್ದೆಯಿಲ್ಲದೆ ಹೊರಳುವವನು ವೈದ್ಯರ ಲೆಕ್ಕದಲ್ಲಿ ಪೂರ್ಣ ಎಚ್ಚರದಲ್ಲಿದ್ದಾನೆ, ಸೂತ್ರದ ಲೆಕ್ಕದಲ್ಲಿ ಮೂರ್ಛಿತನಾಗಿದ್ದಾನೆ.

ರಾಣೇಬೆನ್ನೂರಿನ ಕಡೆ ಇನ್ನೊಂದು ಮಾತು ದಿನವೂ ತೂಗಲ್ಪಡುತ್ತದೆ, ತೂಗುವವರಿಗೆ ತಿಳಿಯದೆ. ಆ ಭಾಗದಲ್ಲಿ ಹೈಬ್ರಿಡ್ ಬೀಜೋತ್ಪಾದನೆ ಹಬ್ಬಿದೆ. ಬೀಜದ ಪೊಟ್ಟಣದ ಮೇಲೆ ಶೇಕಡಾ ಇಷ್ಟು ಮೊಳಕೆ ಬರುವುದೆಂಬ ಚೀಟಿಯಿರುತ್ತದೆ. ಜೈನ ಗೃಹಸ್ಥನು ಇದನ್ನೇ ಸಚಿತ್ತ ಎನ್ನುತ್ತಾನೆ. ಮೊಳೆಯುವ ಶಕ್ತಿಯುಳ್ಳ ಬೀಜ ಜೀವಕ್ಕೆ ಯೋನಿ; ಬೇಯಿಸಿದ ಮೇಲೆ ಅಚಿತ್ತ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಚಿತ್ತವೆಂಬ ಮಾತನ್ನು ಕಾಳು, ಗೆಡ್ಡೆ, ನೀರುಗಳವರೆಗೆ ಕೊಂಡೊಯ್ದವರು ಜೈನರು. ಕುಂದಕುಂದಾಚಾರ್ಯರು ಚೇತನೆಯನ್ನು ಮೂರಾಗಿ ವಿಂಗಡಿಸಿದರು. ಗಿಡಮರಗಳಂಥ ಏಕೇಂದ್ರಿಯ ಜೀವಗಳು ಸುಖದುಃಖಗಳ ಫಲವನ್ನು ಉಣ್ಣುತ್ತವೆ, ಅದು ಕರ್ಮಫಲಚೇತನೆ. ಚಲಿಸುವ ಜೀವಗಳು ಉಣ್ಣುವುದರ ಜೊತೆಗೆ ಏನನ್ನಾದರೂ ಮಾಡಲು ಹವಣಿಸುತ್ತವೆ, ಅದು ಕರ್ಮಚೇತನೆ. ಕೇವಲ ಅರಿಯುತ್ತಿರುವುದು ಜ್ಞಾನಚೇತನೆ. ಏನೂ ಮಾಡಲಾರದೆ, ಏನೂ ಹೇಳಲಾರದೆ, ಒಳಗೆ ಉಣ್ಣುತ್ತ ಮಾತ್ರ ಇರುವ ಜೀವವೊಂದು ಇರಬಹುದೆಂಬ ಆಚಾರ್ಯರ ಮಾತನ್ನು ಮುಂದಿನ ವಿಷಯಕ್ಕಾಗಿ ನೆನಪಿನಲ್ಲಿಡಬೇಕು.

ಈ ಮೂರು ಊರುಗಳಿಂದ ತಲೆಗೆ ಪೆಟ್ಟಾದವರನ್ನೂ ಪಾರ್ಶ್ವವಾಯು ಬಡಿದವರನ್ನೂ ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯುವುದು ರೂಢಿ. ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಮನೆಯವರು ಕುಳಿತಿರುತ್ತಾರೆ. ವೈದ್ಯರು ಬಂದು, ಇನ್ನೂ ಪ್ರಜ್ಞೆ ಬಂದಿಲ್ಲ ಎಂದು ಹೇಳಿ ಹೋಗುತ್ತಾರೆ. ಒಂದೇ ವಾಕ್ಯ. ಕೇಳಿದ ಕಿವಿಗಳು ನಾಲ್ಕಾರು. ಹಿರಿಯ ಮಗನಿಗೆ ಅದು ನಿದ್ದೆಯಂತೆ ಕೇಳಿಸುತ್ತದೆ, ಎದ್ದಾರೆಂದು ಕಾಯುತ್ತಾನೆ. ಸೊಸೆಗೆ, ಅತ್ತೆಗೆ ನೋವು ತಿಳಿಯುತ್ತಿಲ್ಲವೆಂದು ಕೇಳಿಸಿ ಸಮಾಧಾನವಾಗುತ್ತದೆ. ಮಗಳಿಗೆ ಜೀವವೇ ಹೋದಂತೆ ಕೇಳಿಸುತ್ತದೆ. ಖರ್ಚಿನ ಚೀಟಿ ಹಿಡಿದು ನಿಂತ ಬಂಧುವೊಬ್ಬನು ಮೆಲ್ಲನೆ, ಇನ್ನು ಏನು ಉಪಯೋಗ ಎನ್ನುತ್ತಾನೆ.

ಉಪಯೋಗ! ಜೈನನಾದವನು ಈ ಮಾತಿನ ಬಳಿ ಒಂದು ಗಳಿಗೆ ನಿಲ್ಲಬೇಕು. ಪೇಟೆಯಲ್ಲಿ ಉಪಯೋಗವೆಂದರೆ ಪ್ರಯೋಜನ, ಲಾಭ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಪಯೋಗವು ಜೀವದ ಲಕ್ಷಣ. ಯಾವುದು ಜೀವ, ಯಾವುದು ಜಡ ಎಂದು ಗುರುತಿಸಲು ಆಚಾರ್ಯರು ಹಿಡಿದ ಒರೆಗಲ್ಲು ಅದು. ದರ್ಶನವೆಂದು ನಾಲ್ಕು ಬಗೆ, ಜ್ಞಾನವೆಂದು ಎಂಟು ಬಗೆ, ಕೂಡಿ ಹನ್ನೆರಡು ಬಗೆಯ ಉಪಯೋಗ. ಅಂದರೆ ಚೇತನವು ವಿಷಯದತ್ತ ತಿರುಗುವ ವ್ಯಾಪಾರ. ಕರ್ಮದ ಆವರಣ ಎಷ್ಟೇ ದಟ್ಟವಾಗಿದ್ದರೂ ಅದು ಪೂರ್ತಿ ಮುಚ್ಚಿಹೋಗುವುದಿಲ್ಲ. ಆಗಷ್ಟೆ ಹುಟ್ಟಿದ ಸೂಕ್ಷ್ಮ ನಿಗೋದಜೀವದಲ್ಲಿಯೂ ಜ್ಞಾನದ ಒಂದು ಅತ್ಯಲ್ಪ ಅಂಶ ಸದಾ ತೆರೆದೇ ಇರುತ್ತದೆಂದು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ವಿವರಿಸಿದ್ದಾರೆ. ಅದೂ ಮುಚ್ಚಿದರೆ ಜೀವವು ಅಜೀವವಾಗಬೇಕಾದೀತು. ಹಾಗಾದ ಮೇಲೆ ಉಸಿರಿರುವ ತಾಯಿಯನ್ನು ಕುರಿತು ಉಪಯೋಗವಿಲ್ಲವೆಂದು ಹೇಳಲು ಪೇಟೆಯ ಭಾಷೆಗೆ ಮಾತ್ರ ಸಾಧ್ಯ. ಬೆಂಚಿನ ಮೇಲೆ ಕುಳಿತವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂಬುದನ್ನು ಅವರೇ ನೋಡಿಕೊಳ್ಳಬೇಕು.

ವಿಜ್ಞಾನವು ಈ ವಿಷಯದಲ್ಲಿ ಸಿದ್ಧಾಂತವನ್ನು ಸಮರ್ಥಿಸುತ್ತದೆಂದು ಹೇಳುವುದು ಅತಿರೇಕವಾಗುತ್ತದೆ. ಆತ್ಮವನ್ನು ಯಂತ್ರದಲ್ಲಿ ತೂಗಿದವರಿಲ್ಲ. ಆದರೆ ಎಚ್ಚರ ಬೇರೆ, ಅರಿವು ಬೇರೆ ಎಂಬುದನ್ನು ವೈದ್ಯರು ಚೆನ್ನಾಗಿ ಅರಿತಿದ್ದಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಒಂದು ಅಳತೆಯನ್ನು ರೂಪಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6, ಒಟ್ಟು 15 ಅಂಕ. ಅತಿ ಕಡಿಮೆಯೆಂದರೆ 3. ಸೊನ್ನೆಯೆಂಬುದು ಆ ಅಳತೆಯಲ್ಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ 8 ಎಂದೋ 10 ಎಂದೋ ಬರೆದಿದ್ದರೆ ಅದು ಹೊರಗೆ ಕಂಡ ಪ್ರತಿಕ್ರಿಯೆಯ ಲೆಕ್ಕ. ಒಳಗಿನ ಅರಿವನ್ನು ನೇರವಾಗಿ ಅಳೆದುದಲ್ಲ.

ಈ ಭೇದವನ್ನು ಇಡೀ ದೇಶಕ್ಕೆ ತಿಳಿಸಿದವರು ಕನ್ನಡನಾಡಿನ ಒಬ್ಬ ಮಗಳು. ಉತ್ತರ ಕನ್ನಡದ ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ನಡೆದ ಕ್ರೂರ ಹಲ್ಲೆಯಲ್ಲಿ ಮಿದುಳಿಗೆ ಆಮ್ಲಜನಕ ತಪ್ಪಿತು. ಅಂದಿನಿಂದ 2015ರ ಮೇ 18ರವರೆಗೆ, 41 ವರ್ಷಗಳಿಗೂ ಹೆಚ್ಚು ಕಾಲ, ಅವರು ಹಾಸಿಗೆಯಲ್ಲಿಯೇ ಇದ್ದರು. ಕಣ್ಣು ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ರಾತ್ರಿ ಹಗಲುಗಳ ನಿದ್ದೆ-ಎಚ್ಚರಗಳಿದ್ದುವು. ಬಾಯಿಗಿಟ್ಟ ಆಹಾರವನ್ನು ಬಹುಕಾಲ ನುಂಗುತ್ತಿದ್ದರು. ಎಚ್ಚರವಿತ್ತು. ಅರಿವಿತ್ತೆ? ಅವರ ಪರವಾಗಿ ಪಿಂಕಿ ವಿರಾನಿ ಎಂಬ ಲೇಖಕಿ ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಮೂವರು ವೈದ್ಯರನ್ನು ಕಳುಹಿಸಿತು. 2011ರ ಮಾರ್ಚ್ 7ರಂದು ತೀರ್ಪು ಬಂದಿತು. ಆಹಾರ ನಿಲ್ಲಿಸಬೇಕೆಂಬ ಕೋರಿಕೆ ಸಲ್ಲಲಿಲ್ಲ. ದಶಕಗಳ ಕಾಲ ಆರೈಕೆ ಮಾಡಿದ ಆ ಆಸ್ಪತ್ರೆಯ ದಾದಿಯರು ಅವರನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಅವರ ಮಾತಿಗೆ ನ್ಯಾಯಾಲಯ ಬೆಲೆಕೊಟ್ಟಿತು. ಒಂದು ತಲೆಮಾರಿನ ದಾದಿಯರು ನಿವೃತ್ತರಾದರೆ ಮುಂದಿನ ತಲೆಮಾರಿನವರು ಅದೇ ಮಂಚದ ಬಳಿ ಬಂದು ನಿಂತರು. ಅವರಲ್ಲಿ ಯಾರೂ ಉಪಯೋಗವೇನೆಂದು ಕೇಳಿದಂತೆ ಕಾಣುವುದಿಲ್ಲ. ಜೀವದಯೆಯ ವ್ಯಾಖ್ಯಾನಗಳನ್ನು ಬರೆಯುವವರು ಆ ವಾರ್ಡನ್ನು ಮರೆಯಬಾರದು.

ಇತ್ತೀಚಿನ ಪರೀಕ್ಷೆಗಳು ವಿಷಯವನ್ನು ಇನ್ನೂ ಸೂಕ್ಷ್ಮಗೊಳಿಸಿವೆ. 2006ರಲ್ಲಿ ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ಅಪಘಾತದ ನಂತರ ಅರಿವಿಲ್ಲವೆಂದು ನಿರ್ಣಯಿಸಲ್ಪಟ್ಟಿದ್ದ 23 ವರ್ಷದ ಯುವತಿಯೊಬ್ಬಳನ್ನು ಯಂತ್ರದೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಊಹಿಸಿಕೊಳ್ಳಲು ಹೇಳಿದರು. ಬೆರಳೂ ಅಲುಗಲಿಲ್ಲ, ಆದರೆ ಮಿದುಳಿನಲ್ಲಿ ಆರೋಗ್ಯವಂತರಂತೆಯೇ ಚಟುವಟಿಕೆ ಕಂಡಿತು. 2024ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದರಲ್ಲಿ, ಹೇಳಿದುದಕ್ಕೆ ಯಾವ ಹೊರಪ್ರತಿಕ್ರಿಯೆಯನ್ನೂ ತೋರದಿದ್ದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಇಂಥ ಸೂಚನೆಗಳನ್ನು ಪಾಲಿಸಿದುದು ಕಂಡುಬಂದಿತು. ನಾಲ್ವರಲ್ಲಿ ಒಬ್ಬರು. ಉಳಿದ ಮೂವರಲ್ಲಿ ಏನಿತ್ತೆಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಆದುದರಿಂದ ರೋಗಿಯ ಮಂಚದ ಪಕ್ಕದಲ್ಲಿ ನಿಂತು ಆಸ್ತಿಯ ಪಾಲಿನ ಮಾತು, ಸಂಸ್ಕಾರದ ಸಿದ್ಧತೆಯ ಮಾತು ಆಡುವುದು ಎಷ್ಟು ಅಪಾಯಕರವೆಂಬುದನ್ನು ಯಾರೂ ಯೋಚಿಸಬಹುದು.

ಆ ಮಂಚದ ಪಕ್ಕದಲ್ಲಿ ಆಡಬೇಕಾದ ಮಾತು ಯಾವುದೆಂದು ಪುರಾಣಗಳು ತೋರಿಸಿವೆ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಹೇಳಿದನು. ನಾಯಿಗೆ ಮಂತ್ರಾರ್ಥ ತಿಳಿದೀತೆ ಎಂದು ಅವನು ಮೊದಲು ಪರೀಕ್ಷಿಸಲಿಲ್ಲ. 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು, ಕೊನೆಯ ಗಳಿಗೆಗಳಲ್ಲಿ ಪ್ರತಿಕ್ರಿಯೆ ನಿಂತುಹೋದ ಕೆಲವು ರೋಗಿಗಳ ಮಿದುಳು ಆಗಲೂ ಧ್ವನಿಗೆ ಸ್ಪಂದಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ಅರ್ಥ ತಿಳಿಯುತ್ತಿತ್ತೆಂದು ಅವರು ಹೇಳಿಲ್ಲ. ಕಿವಿಯ ಬಾಗಿಲು ಕೊನೆಗೆ ಮುಚ್ಚುವುದೆಂಬ ಹಿರಿಯರ ನಂಬಿಕೆ ಬರಿದಲ್ಲವೆಂದಷ್ಟೇ ಇದರಿಂದ ತಿಳಿಯಬಹುದು.

ಮಂತ್ರ ಹೇಳುವುದು ಒಂದು, ವ್ರತ ಕೊಡಿಸುವುದು ಇನ್ನೊಂದು. ಇಲ್ಲಿ ಸಮಾಜದ ಮುಂದೆ ಒಂದು ಕಠಿಣ ಪ್ರಶ್ನೆಯಿದೆ. ಹಿರಿಯರು ಮಾತು ನಿಂತು ಮಲಗಿದ ಮೇಲೆ ಮಕ್ಕಳು ಅವಸರದಿಂದ ಅವರ ಹೆಸರಿನಲ್ಲಿ ಆಹಾರತ್ಯಾಗದ ನಿಯಮ ಹಿಡಿಸುವುದಿದೆ. ಹಾಗೆ ಮಾಡುವವರ ಭಕ್ತಿಯನ್ನು ಸಂಶಯಿಸಬೇಕಾಗಿಲ್ಲ. ಆದರೆ ವ್ರತವೆಂದರೆ ತಿಳಿದು ಬಿಡುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಕ್ರಮವನ್ನು ಹೇಳುವಾಗ ವೈರ-ಸ್ನೇಹಗಳನ್ನು ಬಿಡುವುದು, ಎಲ್ಲರಿಗೂ ಕ್ಷಮೆ ನೀಡಿ ಎಲ್ಲರಿಂದಲೂ ಕ್ಷಮೆ ಕೇಳುವುದು, ತನ್ನ ದೋಷಗಳನ್ನು ಆಲೋಚಿಸುವುದು, ಆಮೇಲೆ ಆಹಾರವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಮೆ ಮಾಡುವುದು ಎಂದು ಹೇಳುತ್ತಾರೆ. ಇವುಗಳಲ್ಲಿ ಯಾವುದನ್ನು ಮಗನು ತಾಯಿಯ ಬದಲಿಗೆ ಮಾಡಬಲ್ಲನು?

ಇದೇ ಜಿಲ್ಲೆಯ ಬಂಕಾಪುರದ ನೆನಪು ಇಲ್ಲಿ ಬರಬೇಕು. ಹೆದ್ದಾರಿಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಓಡುವ ವಾಹನಗಳು ಅದರ ಪಕ್ಕದಲ್ಲಿಯೇ ಹಾದುಹೋಗುತ್ತವೆ. ಚೆಲ್ಲಕೇತನ ಕುಲದ ಬಂಕೆಯನ ಹೆಸರಿನ ಆ ಊರು ಒಂದು ಕಾಲಕ್ಕೆ ವಿದ್ಯಾಪೀಠವಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಪೂಜೆ ಸಂದ ಸಂಗತಿಯು ಬಂಕಾಪುರದಿಂದ ಆಳುತ್ತಿದ್ದ ಲೋಕಾದಿತ್ಯನ ಕಾಲದ್ದೆಂದು ಆ ಗ್ರಂಥದ ಪ್ರಶಸ್ತಿಯಲ್ಲಿದೆ. ಚಾವುಂಡರಾಯನಿಗೂ ರನ್ನನಿಗೂ ಗುರುಗಳಾಗಿದ್ದ ಅಜಿತಸೇನಾಚಾರ್ಯರು ಅಲ್ಲಿದ್ದರು. ಗಂಗದೊರೆ ಎರಡನೆಯ ಮಾರಸಿಂಹನು ಹಲವು ಯುದ್ಧಗಳನ್ನು ಗೆದ್ದು, ಕೊನೆಗೆ ರಾಜ್ಯವನ್ನು ಬಿಟ್ಟು, 974ರ ಸುಮಾರಿಗೆ ಬಂಕಾಪುರಕ್ಕೆ ಬಂದು ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತವನ್ನು ನೋಂತು ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನದಲ್ಲಿ ಇದು ಕೆತ್ತಲ್ಪಟ್ಟಿದೆ. ಶಾಸನ ಹೇಳುವುದು ದೊರೆ ತಾನೇ ಕೈಗೊಂಡ ವ್ರತವನ್ನು. ಗುರುಗಳು ಸನ್ನಿಧಿಯಲ್ಲಿದ್ದರು, ಬಿಟ್ಟವನು ಅವನೇ.

ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ಹೇಳಿದಾಗ ದೇಶದ ಜೈನರು ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಿತು. ಆಗ ಜೈನರು ಮುಂದಿಟ್ಟ ವಾದದ ಜೀವಾಳವೇ, ಆತ್ಮಹತ್ಯೆ ಕಷಾಯದ ಆವೇಶದಿಂದ ಆಗುವುದು, ಸಲ್ಲೇಖನ ಪೂರ್ಣ ಅರಿವಿನಿಂದ ಆಗುವುದು ಎಂಬುದು. ಲೋಕದ ಮುಂದೆ ಅರಿವಿನ ಹೆಸರಿನಲ್ಲಿ ವಾದಿಸಿ, ಮನೆಯೊಳಗೆ ಅರಿವಿಲ್ಲದವರಿಗೆ ವ್ರತ ಹಿಡಿಸಿದರೆ ಆ ವಾದಕ್ಕೆ ಕಾಲಿಲ್ಲದಂತಾಗುತ್ತದೆ.

ಇದರಿಂದ ಯಂತ್ರಗಳ ನಡುವೆ ಉಸಿರನ್ನು ಎಷ್ಟು ದಿನವಾದರೂ ಎಳೆಯುತ್ತಿರಬೇಕೆಂದು ತಿಳಿಯಬಾರದು. ಜೀವಕ್ಕೆ ಉಪಯೋಗವುಂಟೆಂಬುದರಿಂದ ಎಲ್ಲ ಚಿಕಿತ್ಸೆಗೂ ಪ್ರಯೋಜನವುಂಟೆಂದು ಸಿದ್ಧವಾಗುವುದಿಲ್ಲ. ಇಲ್ಲಿ ಎರಡು ಉಪಯೋಗಗಳನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಬೇಕು. ವೈದ್ಯರನ್ನು ಪ್ರಜ್ಞೆ ಬಂತೆ ಎಂದು ಒಂದೇ ಪ್ರಶ್ನೆ ಕೇಳುವ ಬದಲು, ಕಣ್ಣು ತೆರೆಯುತ್ತಾರೆಯೆ, ಹೇಳಿದುದಕ್ಕೆ ಸ್ಪಂದಿಸುತ್ತಾರೆಯೆ, ನೋವಿನ ಲಕ್ಷಣವಿದೆಯೆ, ಅರಿವು ಮರಳುವ ಸಂಭವವೆಷ್ಟು ಎಂದು ಬಿಡಿಬಿಡಿಯಾಗಿ ಕೇಳಬಹುದು. ಬೇಸರಪಡುವ ವೈದ್ಯರೂ ಇರಬಹುದು, ಕೇಳುವವನು ಬೇಸರಪಡಬಾರದು.

ಇನ್ನೂ ಮೇಲಾದುದು, ಎಚ್ಚರವೂ ಅರಿವೂ ಇರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವುದು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಇಂಥ ಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು: ಸ್ವಸ್ಥಚಿತ್ತನಾದ ವಯಸ್ಕನು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು, ತನ್ನ ಪರವಾಗಿ ನಿರ್ಧರಿಸುವವರು ಯಾರೆಂದು ಹೆಸರಿಸಬೇಕು. ಗುಣವಾಗುವ ಆಶೆಯಿಲ್ಲದ ಸ್ಥಿತಿ ಬಂದಾಗ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ ಪರಿಶೀಲಿಸಿ ಚಿಕಿತ್ಸೆ ನಿಲ್ಲಿಸುವ ವಿಚಾರವನ್ನು ನಿರ್ಣಯಿಸುತ್ತವೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಆದೇಶವನ್ನು ಹೊರಡಿಸಿದೆ.

ಕನ್ನಡದಲ್ಲಿ ಈ ಪತ್ರವನ್ನು ಬರೆಯುವವರು ಮಾತುಗಳನ್ನು ಆರಿಸಿ ಬರೆಯಬೇಕು. 'ನನಗೆ ಪ್ರಜ್ಞೆ ಇಲ್ಲದಾಗ' ಎಂದು ಬರೆದರೆ ಬಿಸಿಲಿನ ಮೂರ್ಛೆಯೂ ಅದರಲ್ಲಿ ಬರುತ್ತದೆ, ಶಸ್ತ್ರಚಿಕಿತ್ಸೆಯ ಅರಿವಳಿಕೆಯೂ ಬರುತ್ತದೆ. 'ಕಣ್ಣು ತೆರೆದಿದ್ದರೂ ನನ್ನವರನ್ನು ಅರಿಯುವ ಶಕ್ತಿ ಮರಳುವುದಿಲ್ಲವೆಂದು ಎರಡು ಮಂಡಳಿಗಳ ವೈದ್ಯರೂ ನಿರ್ಣಯಿಸಿದಾಗ' ಎಂಬುದು ಉದ್ದವಾದ ವಾಕ್ಯ, ಆದರೆ ಅದರಲ್ಲಿ ಸಂದಿಗ್ಧವಿಲ್ಲ. ಕೃತಕ ಉಸಿರಾಟದ ಯಂತ್ರ ಬೇಕೆ ಬೇಡವೆ, ನಳಿಗೆಯ ಆಹಾರ ಬೇಕೆ ಬೇಡವೆ ಎಂಬುದನ್ನು ಬೇರೆಬೇರೆಯಾಗಿ ನಮೂದಿಸಬೇಕು. ನೋವು ಶಮನಗೊಳಿಸುವ ಔಷಧವನ್ನು ನಿಲ್ಲಿಸಬಾರದೆಂದು ಸೇರಿಸಬಹುದು. ರಾತ್ರಿಯ ನಂತರ ಬಾಯಿಗೆ ಏನನ್ನೂ ಹಾಕಬಾರದೆಂಬ ನಿಯಮವುಳ್ಳವರು ಅದನ್ನೂ, ಔಷಧದಲ್ಲಿ ಬೇಡವಾದುದೇನೆಂಬುದನ್ನೂ ಬರೆಯಬಹುದು. ಯಾರು ಬಂದು ಕಿವಿಯಲ್ಲಿ ಣಮೋಕಾರವನ್ನು ಹೇಳಬೇಕೆಂಬ ಒಂದು ಸಾಲಿಗೆ ಆ ಪತ್ರದಲ್ಲಿ ಸ್ಥಳ ಬಿಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.